ತುಂಡುಗೆರೆ

ಕಂಡದ್ದಕ್ಕೆ ಉದ್ದಗೆರೆ.
ಊಹಿಸಿದ್ದಕ್ಕೆ ತುಂಡುಗೆರೆ.
ಮಣ್ಣಡಿ ಮುಚ್ಚಿಹೋದದ್ದಕ್ಕೆ ಬರೀ ಚುಕ್ಕೆ.
ಭೂವಿಜ್ಞಾನದ ಕಾಗುಣಿತ ಇಷ್ಟೇ,
ಉಳಿದದ್ದೆಲ್ಲ ಮೊಣಕಾಲಿನ ಕೆಲಸ.

ಗ್ರೀನ್‌ಲ್ಯಾಂಡಿನ ಈ ಉತ್ತರದ ತುದಿಯಲ್ಲಿ
ಹಿಮವಿಲ್ಲ. ಹಿಮ ಬೀಳಲೂ ನೀರು ಬೇಕಲ್ಲ,
ಇಲ್ಲಿನ ಗಾಳಿ ಅಷ್ಟು ಬಡವ.
ಬೆತ್ತಲೆ ಕಲ್ಲು, ಕಲ್ಲಿನ ಮೇಲೆ ಕಲ್ಲು,
ಕಣಕಾಲಿಗೂ ಎಟುಕದ ವಿಲೋ ಗಿಡ.
ಎನೋಸ್ ಅದನ್ನು ಕಾಡು ಅನ್ನುತ್ತಾನೆ, ನಗದೆ.
ಸೂರ್ಯ ಮುಳುಗುವುದು ಮರೆತು
ಗಾಣದೆತ್ತಿನ ಹಾಗೆ ದಿಗಂತ ಸುತ್ತುತ್ತಾನೆ.
ಮಲಗುವುದು ಯಾವಾಗ ಎಂದು
ಗಡಿಯಾರವನ್ನೇ ಕೇಳಬೇಕು.

ನನ್ನ ಕೈಯಲ್ಲಿ ಸುತ್ತಿಗೆ, ಅವನ ಹೆಗಲಲ್ಲಿ ಬಂದೂಕು.
ಹಿಮಕರಡಿ ಕಾಯಲು ಸಂಬಳಕ್ಕೆ ಬಂದ ಮುದಿ ಬೇಟೆಗಾರ,
ನನ್ನನ್ನು ನೂಕ್ ಪೇಟೆಯ ಕೂಸು ಅನ್ನುತ್ತಾನೆ.
ಐದು ವಾರದಲ್ಲಿ ಕರಡಿ ಬಂದಿಲ್ಲ.
ಬಂದದ್ದು ಒಂದು ನರಿ,
ನನ್ನ ಎಡಗಾಲಿನ ಚೀಲ ಕದಿಯಲು.

ಹಳೆಯ ನಕ್ಷೆ ಜೊತೆಗಿದೆ, ಐವತ್ತೆರಡನೇ ಇಸವಿಯದು.
ಬರೆದವನು ಅಸ್ಗೆರ್ ಥ್ರಾನೆ ಎಂಬ ಡೇನ್. ನಾಜೂಕಿನ ಕೈ.
ಸುಣ್ಣಕಲ್ಲಿಗೆ ನೀಲಿ, ಮರಳುಗಲ್ಲಿಗೆ ಇಟ್ಟಿಗೆ ಬಣ್ಣ,
ಎರಡೂ ಕೂಡುವಲ್ಲಿ ಕೂದಲೆಳೆಯ ಗೆರೆ
ಕಣಿವೆ ಇಳಿದು, ಹೊಳೆ ಹಾರಿ,
ಆಚೆ ದಿಬ್ಬದ ಬೆನ್ನೇರಿ, ಎಲ್ಲೂ ತುಂಡಾಗದೆ ಹೋಗಿದೆ.
ಅಂದರೆ: ನಡೆದೆ, ಕಂಡೆ, ಬರೆದೆ.

"ಸುಳ್ಳು," ಅಂದ ಎನೋಸ್, ಒಣಮೀನು ಜಗಿಯುತ್ತ.
"ಹೊಳೆ ದಾಟಲೇ ಇಲ್ಲ ಆಸಾಮಿ.
ಅವನ ಹೊರೆ ಹೊತ್ತವನು ನನ್ನಪ್ಪ.
ಮೂರು ದಿನ ಮಂಜು. ಡೇರೆಯೊಳಗೆ ಬಿದ್ದುಕೊಂಡು
ಕಸ್ತೂರಿ ಎತ್ತಿನ ನಾಲಗೆ ಬೇಯಿಸಿ ತಿಂದರಂತೆ.
ನಾಲ್ಕನೇ ದಿನ ಹಡಗಿನ ಗಡುವು.
ಮಲಗಿದಲ್ಲೇ ಎಳೆದ ಪೆನ್ಸಿಲ್.
ಅಪ್ಪ ಸಾಯುವವರೆಗೂ ಅಭಿನಯಿಸಿ ತೋರಿಸುತ್ತಿದ್ದ,
ಒಂದು ಕಣ್ಣು ಮುಚ್ಚಿ, ನಾಲಗೆ ಕಚ್ಚಿ,
ಹೀಗೆ, ಸರ್ರ್ ಅಂತ."

ಮೈ ಉರಿಯಿತು ನನಗೆ.
ಇಷ್ಟು ವರ್ಷ ಆ ಗೆರೆಯ ಮೇಲೆ
ಎಷ್ಟು ಪ್ರಬಂಧ, ಎಷ್ಟು ಗಣಿ ಕಂಪನಿಗಳ ಅರ್ಜಿ!

ಮರುದಿನ ಹೊಳೆಗಿಳಿದೆವು. ತೊಡೆಮಟ್ಟ ನೀರು,
ಮೂಳೆಯೊಳಗೆ ಸೂಜಿ ಪೋಣಿಸುವ ಚಳಿ.
ಆಚೆ ದಡದಲ್ಲಿ ಹೆಜ್ಜೆಗೊಮ್ಮೆ ಬಗ್ಗಿ
ಆಮ್ಲದ ಹನಿ ಬಿಟ್ಟೆ. ಬುರುಬುರು ನೊರೆ: ಸುಣ್ಣಕಲ್ಲು.
ಮತ್ತೆ ನೊರೆ. ಮತ್ತೆ ನೊರೆ.
ಆಮೇಲೆ ಒಂದು ಕಲ್ಲು
ಹನಿ ಕುಡಿದು ಸುಮ್ಮನಾಯಿತು.
ಜಿಪಿಎಸ್ ನೋಡಿದೆ, ನಕ್ಷೆ ನೋಡಿದೆ, ಹಿಂದಕ್ಕೆ ಎಣಿಸಿದೆ.
ಮಲಗಿ ಎಳೆದ ಗೆರೆಗೂ ನೆಲದ ಗೆರೆಗೂ
ಇನ್ನೂರ ಹತ್ತು ಹೆಜ್ಜೆ ಅಂತರ.
"ಸುಳ್ಳ. ಆದರೆ ಕಣ್ಣಿದ್ದ ಸುಳ್ಳ," ಅಂದ ಎನೋಸ್,
ಬೂಟಿನ ನೀರು ಸುರಿಯುತ್ತ.

ವಾಪಸು ಬರುವಾಗ, ಹೊಳೆಯ ಈಚೆ,
ಬೂದು ಸುಣ್ಣಕಲ್ಲಿನ ಹಾಸಿನ ಮೇಲೆ
ಒಂಬತ್ತು ಕಪ್ಪು ಗುಂಡುಗಲ್ಲು. ಇಲ್ಲಿಯವಲ್ಲ.
ಪುಸ್ತಕ ತೆಗೆದು ಬರೆದೆ:
ಹಿಮನದಿ ಹೊತ್ತು ತಂದವು, ಪ್ರಾಯಶಃ ದಕ್ಷಿಣದಿಂದ.
ಎನೋಸ್ ಇಣುಕಿದ. ಡ್ಯಾನಿಶ್ ಓದಬಲ್ಲ.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಹೋಗಿ ಕಲ್ಲುಗಳ ನಡುವೆ ನಿಂತ.
ಆಗ ಕಂಡಿತು ನನಗೆ ವೃತ್ತ,
ಒಂದು ಡೇರೆಯ ಅಳತೆ,
ಬಾಗಿಲಿನ ಜಾಗ ಗಾಳಿಗೆ ಬೆನ್ನಾಗಿ.

"ಹಿಮನದಿಯಲ್ಲ, ನಿವಿ. ಅಪ್ಪ.
ಇಲ್ಲಿನ ಕಲ್ಲು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ,
ಗಾಳಿಗೆ ಡೇರೆ ಹಿಡಿಯಲ್ಲ.
ಕಡಲ ಕಡೆಯಿಂದ ತಂದ, ಒಂದೊಂದಾಗಿ.
ಸೊಂಟ ನೋವಿನ ಕತೆ ಹೇಳುವಾಗಲೆಲ್ಲ
ಒಂಬತ್ತು ಅನ್ನುತ್ತಿದ್ದ. ನಾನು ನಂಬಿರಲಿಲ್ಲ."

ಮಾದರಿ ಹಾಳೆಯಲ್ಲಿ ಒಂದು ಖಾನೆ ಇದೆ.
ಸಾಗಿಸಿದ್ದು: ನೀರು, ಹಿಮ, ಗಾಳಿ.
ಯಾವುದಾದರೊಂದಕ್ಕೆ ಗುರುತು ಹಾಕಬೇಕು.
ಮೂರನ್ನೂ ಬಿಟ್ಟು, ಅಂಚಿನಲ್ಲಿ
ಅವನ ಅಪ್ಪನ ಹೆಸರು ಕೇಳಿ ಬರೆದೆ: ಹಾನ್ಸೆರಾಕ್.
ಕಚೇರಿಯಲ್ಲಿ ಅಳಿಸುತ್ತಾರೆ. ಅಳಿಸಲಿ.

ಕೊನೆಯ ದಿನ. ಉತ್ತರದ ಕಣಿವೆಯೊಂದು ಬಾಕಿ.
ದಿಬ್ಬದ ಮೇಲೆ ತಿಳಿಬಿಸಿಲು, ಕಣಿವೆ ತುಂಬ ಮಂಜು,
ನಾಲ್ಕಕ್ಕೆ ಹೆಲಿಕಾಪ್ಟರ್.
ಪೆನ್ಸಿಲ್ ಕೈಗೆ ಬಂತು. ಗೊತ್ತು ನನಗೆ
ಗೆರೆ ಎತ್ತ ಹೋಗುತ್ತದೆಂದು,
ಬಹುತೇಕ ಗೊತ್ತು.
ತಲೆ ಎತ್ತಿದರೆ ಎನೋಸ್,
ಒಂದು ಕಣ್ಣು ಮುಚ್ಚಿ, ನಾಲಗೆ ಕಚ್ಚಿ.

ನಕ್ಕುಬಿಟ್ಟೆ.
ಎಳೆದೆ. ಎತ್ತಿದೆ.
ಎಳೆದೆ. ಎತ್ತಿದೆ.